ಎರಡು ಗಂಟೆಯ ದೂರ

ಕರ್ ಎಂದು ಕತ್ತರಿ ಕಾಗದವನ್ನು ಕಚ್ಚಿದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕರ್. ಗೋಡೆಯ ಆ ಕಡೆ ಅತ್ತಿಗೆ ಲೆಮ್ಲೆಮ್ ಇನ್ನೂ ಎದ್ದಿದ್ದಾಳೆ ಎಂದು ಅಸ್ಕಾಲೆಗೆ ಗೊತ್ತಾಯಿತು. ಕೆಳಗೆ ಈಸ್ಟ್‌ಲೀಯ ಬೀದಿಯಲ್ಲಿ ಕೊನೆಯ ವ್ಯಾನು ಹೋಗಿ ಎಷ್ಟೋ ಹೊತ್ತಾಗಿತ್ತು. ನೈರೋಬಿಯ ಈ ಭಾಗ ನಿದ್ದೆ ಹೋಗುವುದೇ ಅಪರೂಪ, ಹೋದಾಗ ಇಂಥ ಸಣ್ಣ ಸದ್ದೂ ಗೋಡೆ ದಾಟಿ ಬರುತ್ತದೆ. ಅವಳು ಉಸಿರು ಬಿಗಿಹಿಡಿದು ಮಲಗಿದಳು. ಎಚ್ಚರವಾಗಿದ್ದೇನೆಂದು ತಿಳಿದರೆ ಲೆಮ್ಲೆಮ್ ಬಂದು ಹಾಸಿಗೆಯ ಅಂಚಿನಲ್ಲಿ ಕೂತು ಮಾತು ತೆಗೆಯುತ್ತಾಳೆ. ಮಾತು ತೆಗೆದರೆ ಮಗನ ಮಾತು. ಏನನ್ನು ಕತ್ತರಿಸುತ್ತಿದ್ದಾಳೆ ಎಂಬುದು ನೋಡದೆಯೇ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಅದ್ದಿಸ್ ಅಬಾಬಾದಿಂದ ಬಂದವರೊಬ್ಬರ ಕೈಯಲ್ಲಿ ಮಿಕಿಯಾಸ್ ಶಾಲೆಯ ನೋಟುಬುಕ್ಕಿನ ಒಂದು ಹಾಳೆ ಕಳಿಸಿದ್ದ. ಅದರ ಮೇಲೆ ಬಲಗಾಲು ಊರಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಹೆಬ್ಬೆರಳಿನ ಹತ್ತಿರ ಕಚಗುಳಿಯಾಗಿ ಕಾಲು ಅಲುಗಿಸಿದನೋ ಏನೋ, ಗೆರೆ ಅಲ್ಲಿ ಹೊರಕ್ಕೆ ಚಿಮ್ಮಿತ್ತು. ಆ ಕಾಗದದ ಪಾದವನ್ನು ಬಿಡಿಸಿಕೊಂಡು ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ, ಬೂಟಿನೊಳಗೆ ಇಟ್ಟು ನೋಡಿ, ಒಂದು ಅಳತೆ ದೊಡ್ಡದನ್ನು ಕೊಳ್ಳಬೇಕೆಂಬುದು ಅತ್ತಿಗೆಯ ಯೋಚನೆ. ಸಂಜೆಗೆ ವಿಮಾನ. ಒಂಬತ್ತು ವರ್ಷದ ಮಿಕಿಯಾಸ್ ಗುರುವಾರ ಸತ್ತಿದ್ದ. ಶುಕ್ರವಾರ ಮಣ್ಣು ಮಾಡಿದ್ದರು. ಇದು ಶನಿವಾರದ ರಾತ್ರಿ. ಅವನನ್ನು ಬಲ್ಲವರಲ್ಲಿ ಅವನ ತಾಯಿಯೊಬ್ಬಳಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಫೋನು ಬಂದಾಗ ಅಸ್ಕಾಲೆ ಕ್ಲಿನಿಕ್ಕಿನಲ್ಲಿ ಒಬ್ಬ ಮುದುಕನ ಪಕ್ಕ ನಿಂತಿದ್ದಳು. ಅವಳ ಕೆಲಸ ಅದು: ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ತನ್ನ ಊರ ಕಡೆಯ ರೋಗಿಗಳಿಗೆ ಅಮ್ಹಾರಿಕ್‌ನಲ್ಲಿ ಹೇಳುವುದು, ಅವರು ಹೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸುವುದು, ತನ್ನದೇನನ್ನೂ ಸೇರಿಸದಿರುವುದು. ಫೋನಿನಲ್ಲಿದ್ದವನು ಶಿಫೆರಾವ್ ಮಾಮ. ಅಮ್ಮನ ಅಣ್ಣ, ತಮ್ಮವರ ಸಾವಿನ ಸಂಘದ ಹಿರಿಯ. ಯಾರ ಮನೆಯಲ್ಲಿ ಸಾವಾದರೂ ಚಪ್ಪರ, ಬೆಂಚು, ದೊಡ್ಡ ಪಾತ್ರೆಗಳನ್ನು ಹೊರಿಸಿಕೊಂಡು ಮೊದಲು ಬರುವವನು ಅವನೇ. ಅವನು ಅಳಲಿಲ್ಲ. ಹುಡುಗ ಹೋದ, ಮಣ್ಣು ಮಾಡಿ ಈಗಷ್ಟೇ ಬಂದೆವು ಎಂದ. ಆಮೇಲೆ ಅವಳು ಮಾಡಬೇಕಾದ್ದನ್ನು ಒಂದೊಂದಾಗಿ ಹೇಳುತ್ತ ಹೋದ. ಅತ್ತೆಗೆ ಕಾಯಿಲೆ ಎಂದು ಲೆಮ್ಲೆಮ್‌ಗೆ ಹೇಳಿ ಕರೆದುಕೊಂಡು ಬರಬೇಕು. ಅವಳ ಫೋನಿಗೆ ಯಾರ ಕರೆಯೂ ಹೋಗಬಾರದು. ರಾತ್ರಿ ಇಳಿದ ಮೇಲೆ ಮನೆಗೆ ಬೇಡ, ಅಲ್ಲಿ ಬಾಗಿಲಲ್ಲೇ ಚಪ್ಪರ ನಿಂತಿದೆ. ಊರಿನ ಇನ್ನೊಂದು ತುದಿಯ ತನ್ನ ಮನೆಗೆ. ಹೊಟ್ಟೆ ತುಂಬ ಉಣ್ಣಿಸಿ ಮಲಗಿಸುವುದು, ಆಮೇಲೆ ಎಷ್ಟು ದಿನ ಉಣ್ಣುತ್ತಾಳೋ. ಬೆಳಕು ಹರಿಯುವ ಮುಂಚೆ ಹಿರಿಯರು ಸೇರಿ, ಹಿಡಿದುಕೊಳ್ಳಲು ಹೆಂಗಸರು ಎರಡೂ ಕಡೆ ನಿಂತ ಮೇಲೆ ಹೇಳುವುದು. ಸಾವಿನ ಸುದ್ದಿ ಹೇಳುವುದಕ್ಕೆ ಆ ಹೊತ್ತೇ ಹೊತ್ತು, ಹಿರಿಯರ ಬಾಯೇ ಬಾಯಿ. ಅದು ಅವಳಿಗೂ ಗೊತ್ತಿದ್ದದ್ದೇ. ಆದರೂ ಮಾಮ ಹಳೆಯದೊಂದು ಕಥೆ ನೆನಪಿಸಿದ, ಬಸ್ಸಿನಲ್ಲಿ ಯಾರೋ ಬಾಯಿತಪ್ಪಿ ಹೇಳಿದ್ದಕ್ಕೆ ಓಡುವ ಬಸ್ಸಿನಿಂದ ಹಾರಿದ ಹೆಂಗಸಿನದು. ಅವಳನ್ನ ಹಿಡ್ಕೊಳ್ಳೋಕೆ ಅಲ್ಲಿ ಯಾರಿದ್ರು ಹೇಳು ಎಂದ. "ನೀನು ಓದಿದವಳು. ನಿನ್ನ ಮುಖ ಸುಣ್ಣ ಹೊಡೆದ ಗೋಡೆ ಇದ್ದ ಹಾಗೆ, ಏನೂ ಕಾಣಲ್ಲ. ಅದಕ್ಕೇ ನಿನಗೆ ವಹಿಸ್ತಿರೋದು." ಆಯ್ತು ಮಾಮ ಎಂದಳು. ಫೋನು ಇಟ್ಟಾಗ ಮುದುಕ ಅವಳನ್ನೇ ನೋಡುತ್ತಿದ್ದ. ನನ್ನ ಸುದ್ದೀನಾ ಮಗಳೇ ಎಂದು ಕೇಳಿದ. ಅಲ್ಲ ಎಂದು ತಲೆಯಾಡಿಸಿ, ಡಾಕ್ಟರು ಹೇಳಿದ್ದ ಸಕ್ಕರೆಯ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಒಂದು ಪದವೂ ತಪ್ಪಲಿಲ್ಲ. ಅದು ಈಗ ಕತ್ತಲಲ್ಲಿ ನೆನಪಾಗಿ, ತನ್ನ ಒಳಗೆ ಏನೋ ಇರಬೇಕಾದದ್ದು ಇಲ್ಲವೇನೋ ಎನ್ನಿಸಿತು.

ಅದೇ ಸಂಜೆ ಅತ್ತಿಗೆ ಸ್ನಾನಕ್ಕೆ ಹೋದಾಗ ಅವಳ ಫೋನಿನ ಬೆನ್ನು ತೆಗೆದು ಸಿಮ್ಮನ್ನು ಉಗುರಿನಿಂದ ಎತ್ತಿ, ತನ್ನ ಪರ್ಸಿನ ಜಿಪ್ಪಿನೊಳಗೆ ಹಾಕಿಕೊಂಡಿದ್ದಳು. ಸಂಜೆಯಿಂದ ಊರ ಕಡೆ ಲೈನೇ ಸಿಗುತ್ತಿಲ್ಲವಂತೆ, ಎಲ್ಲರದ್ದೂ ಹೀಗೇ ಆಗಿದೆಯಂತೆ ಎಂದಿದ್ದಳು. ಲೈನು ವಾರಗಟ್ಟಲೆ ಸತ್ತುಹೋಗುವುದು ಹೊಸತಲ್ಲವಾದ್ದರಿಂದ ಲೆಮ್ಲೆಮ್ ನಂಬಿದಳು. ಎಷ್ಟು ಸಲೀಸಾಗಿ ನಂಬಿದಳು. ಅತ್ತೆಗೆ ಹುಷಾರಿಲ್ಲ ಎಂದಾಗ ಎದೆ ಮೇಲೆ ಕೈಯಿಟ್ಟುಕೊಂಡು ಮೇರಿಯಮ್ಮನನ್ನು ನೆನೆದವಳು, ಹಾಗಾದರೆ ಊರಿಗೆ ಹೋಗಬೇಕು, ರಾಯಭಾರ ಕಚೇರಿಯವರು ಪ್ರಯಾಣದ ಕಾಗದ ಕೊಡುತ್ತಾರಂತೆ ಎಂದ ಕೂಡಲೇ ಅದೇ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗು ಬೆರಳ ಸಂದಿಯಿಂದ ಕಾಣುತ್ತಿತ್ತು. ಆರು ವರ್ಷ ಆ ಕಾಗದಕ್ಕಾಗಿ ಸಾಲಿನಲ್ಲಿ ನಿಂತಿದ್ದಳು. ಈಗ ಮಾಮನ ಒಂದು ಫೋನಿಗೆ ಒಂದೇ ದಿನದಲ್ಲಿ ಸಿಕ್ಕಿತ್ತು. "ನಿನ್ನ ಮುಖ ಯಾಕೆ ಹಾಗಿದೆ? ಅಮ್ಮನಿಗೆ ಏನೂ ಆಗಲ್ಲ ಕಣೆ, ನಾನು ಹೋಗಿ ಎರಡು ದಿನ ಕೈಯಾರೆ ಗಂಜಿ ಕುಡಿಸಿದ್ರೆ ಎದ್ದು ಕೂತು ನನ್ನನ್ನೇ ಬೈತಾಳೆ." ಅಮ್ಮನ ಆರೋಗ್ಯ ಗಟ್ಟಿಯಾಗಿಯೇ ಇತ್ತು. ಅದನ್ನು ನೆನೆದಾಗಲೆಲ್ಲ ಅಸ್ಕಾಲೆಗೆ ಭಾನುವಾರದ ಫೋನು ನೆನಪಾಗುತ್ತಿತ್ತು. ಹೋದ ಭಾನುವಾರ ಅಮ್ಮ ಫೋನು ಮಾಡಿದ್ದು ಅತ್ತಿಗೆಗಲ್ಲ, ತನಗೆ. ಹುಡುಗನಿಗೆ ಜ್ವರ, ತಲೆ ಸಿಡಿಯುತ್ತೆ ಅಂತಾನೆ, ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂತ ಕಂಬಳಿ ಎಳೆದುಕೊಂಡು ಮಲಗಿದ್ದಾನೆ, ನೀನು ಆಸ್ಪತ್ರೆಯಲ್ಲಿರುವವಳು ಏನು ಮಾಡಲಿ ಹೇಳು. ಅಸ್ಕಾಲೆ ಸೋಮವಾರಕ್ಕೆ ಅಂಗಿ ಇಸ್ತ್ರಿ ಮಾಡುತ್ತ, ಫೋನನ್ನು ಕೆನ್ನೆ-ಭುಜದ ನಡುವೆ ಒತ್ತಿಕೊಂಡು, ಡಾಕ್ಟರ ಬಾಯಿಂದ ಸಾವಿರ ಸಲ ಕೇಳಿ ತಾನು ಸಾವಿರ ಸಲ ಹೇಳಿದ್ದನ್ನೇ ಹೇಳಿದ್ದಳು. ಜ್ವರದ ಮಾತ್ರೆ ಕೊಡು, ನೀರು ಕುಡಿಸು, ಮೂರು ದಿನ ನೋಡು. ಅತ್ತಿಗೆಗೆ ಹೇಳಬೇಡ, ಸುಮ್ಮನೆ ಗಾಬರಿ ಬೀಳ್ತಾಳೆ. ಬೆಳಕು ಚುಚ್ಚುವ ಜ್ವರಕ್ಕೆ ಒಂದು ದಿನವೂ ಕಾಯಬಾರದು ಎಂಬುದನ್ನೂ ಅದೇ ಡಾಕ್ಟರ ಬಾಯಿಂದ ಕೇಳಿದ್ದಳು. ಬೆಳಕಿನ ಮಾತು ಕಿವಿಗೆ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಎಷ್ಟು ಸಲ ಅಂದುಕೊಳ್ಳಲು ನೋಡಿದರೂ ಬಿದ್ದಿತ್ತು. ಇಸ್ತ್ರಿಯ ತುದಿ ಆಗ ಕಾಲರಿನ ಮೂಲೆಯಲ್ಲಿತ್ತು. ಅಮ್ಮ ಓದಿದ ಮಗಳ ಮಾತಿನಂತೆ ಮೂರು ದಿನ ನೋಡಿದಳು. ನಾಲ್ಕನೆಯ ದಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಹುಡುಗ ಯಾರನ್ನೂ ಗುರುತಿಸುತ್ತಿರಲಿಲ್ಲವಂತೆ.

ಕರ್. ಕತ್ತರಿ ಈಗ ಹೆಬ್ಬೆರಳಿನ ಹತ್ತಿರ ಬಂದಿರಬೇಕು. ಚಿಮ್ಮಿದ ಗೆರೆಯನ್ನು ಬಿಡುತ್ತಾಳೋ ಅದನ್ನೂ ಸೇರಿಸಿ ಕತ್ತರಿಸುತ್ತಾಳೋ.

ಬೆಳಿಗ್ಗೆ ನೋಡಿದರೆ ಸೇರಿಸಿಯೇ ಕತ್ತರಿಸಿದ್ದಳು. ಅಂಗಡಿಯ ಸೊಮಾಲಿ ಯುವಕ ಆ ಕಾಗದದ ಪಾದವನ್ನು ಕರಿಯ ಬೂಟಿನೊಳಗೆ ಇಳಿಸುತ್ತ, ನಿನ್ನ ಮಗನಿಗೆ ಆರು ಬೆರಳಾ ತಾಯಿ ಎಂದು ತಮಾಷೆ ಮಾಡಿದ. ಲೆಮ್ಲೆಮ್ ನಕ್ಕು, ಐದೇ, ಆದರೆ ಐದೂ ತುಂಟ ಎಂದಳು. ಅಲ್ಲಿಂದ ಅವಳು ದೋಸೆಯಂಥ ಇಂಜೆರಾ ಹುಯ್ಯುವ ಹೋಟೆಲಿಗೆ ಹೋದರು, ಬೀಳ್ಕೊಡುಗೆಗೆಂದು. ಕೆಂಡದ ಒಲೆಯ ಮುಂದೆ ಆರು ವರ್ಷ ಕೂತು ಅವಳ ಮುಂಗೈ ಮೇಲೆ ಅಲ್ಲಲ್ಲಿ ಸುಟ್ಟ ಬಿಳಿ ಕಲೆಗಳಿದ್ದವು. ಹೋಟೆಲಿನ ಯಜಮಾನಿ, ಯಾವತ್ತೂ ಯಾರನ್ನೂ ಮುಟ್ಟದವಳು, ಬಂದು ಅಪ್ಪಿಕೊಂಡು ಬಿಡಲೇ ಇಲ್ಲ. ಪಾತ್ರೆ ತೊಳೆಯುವ ಹೆಂಗಸರು ಸಾಲಾಗಿ ನಿಂತು ಕೆನ್ನೆಗೆ ಕೆನ್ನೆ ತಾಗಿಸಿದರು. ಒಬ್ಬಳು ಕಣ್ಣೊರೆಸಿಕೊಂಡು ಈರುಳ್ಳಿ ಎಂದಳು. ಮೂರನೆಯ ಸುತ್ತಿನ ಕಾಫಿಗೆ ಲೆಮ್ಲೆಮ್ ಹಾಡಿದಳು. ಮದುವೆ ಮನೆಯ ಹಾಡು. ಅವರೆಲ್ಲ ಅವಳನ್ನು ನೋಡುತ್ತ, ಆಮೇಲೆ ಒಬ್ಬೊಬ್ಬರಾಗಿ ಅಸ್ಕಾಲೆಯ ಕಡೆ ತಿರುಗುತ್ತಿದ್ದರು, ಆ ನೋಟದಲ್ಲಿ ಮರುಕವಿತ್ತು, ಅದರ ಜೊತೆ ಇನ್ನೊಂದೂ ಇತ್ತು, ಸದ್ಯ ಈ ಕೆಲಸ ನಮ್ಮ ತಲೆಗೆ ಬರಲಿಲ್ಲ ಎಂಬ ನಿರಾಳ. ಅಸ್ಕಾಲೆ ಚಪ್ಪಾಳೆಗೆ ಕೈ ಸೇರಿಸಿದಳು. ಕೈ ತಾಳ ತಪ್ಪಲಿಲ್ಲ. ಇವತ್ತೂ ಭಾನುವಾರ ಎಂದು ಆಗ ಹೊಳೆಯಿತು.

ವಿಮಾನದಲ್ಲಿ ಕಿಟಕಿಯ ಸೀಟು ಅತ್ತಿಗೆಗೆ. ಹತ್ತಿದ್ದು ಇದೇ ಮೊದಲು. ಬೆಲ್ಟನ್ನು ಬಿಗಿದಾಗ, ಕತ್ತೆ ಮೇಲೆ ಮೂಟೆ ಕಟ್ಟೋ ಹಾಗೆ ಕಟ್ಟಿದಾರಲ್ಲೇ ಎಂದು ಪಕ್ಕದ ಸಾಲಿನವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು. ಕೆಳಗೆ ನೈರೋಬಿಯ ದೀಪಗಳು ಚೆಲ್ಲಿಕೊಂಡು, ಕೂಡಿಕೊಂಡು, ಆರಿಹೋಗುವವರೆಗೂ ಹಣೆಯನ್ನು ಗಾಜಿಗೆ ಒತ್ತಿಕೊಂಡಿದ್ದಳು. ಆಮೇಲೆ ಮುಂದಿನ ಸೀಟಿನ ಬೆನ್ನಿನಲ್ಲಿದ್ದ ಪುಟ್ಟ ಪರದೆಯತ್ತ ತಿರುಗಿದಳು. ಅದರಲ್ಲಿ ನಕ್ಷೆ, ಎರಡು ಚುಕ್ಕಿ, ನಡುವೆ ಬಿಳಿಯ ಗೆರೆ, ಗೆರೆಯ ಬುಡದಲ್ಲಿ ಒಂದು ಕಡ್ಡಿಪೆಟ್ಟಿಗೆಯಷ್ಟೂ ಇಲ್ಲದ ವಿಮಾನ. ಅದೇನು ಬರೆದಿದ್ದಾರೆ ಎಂದು ಕೇಳಿದಳು. ಅಸ್ಕಾಲೆ ಓದಿ ಹೇಳಿದಳು: ಎರಡು ಊರಿನ ನಡುವೆ ಸಾವಿರದ ನೂರ ಅರವತ್ತು ಕಿಲೋಮೀಟರು. ಇನ್ನು ಉಳಿದಿರುವುದು ಒಂದು ಗಂಟೆ ನಲವತ್ತು ನಿಮಿಷ. ಒಟ್ಟು ಎಷ್ಟು? ಒಟ್ಟು ಎರಡು ಗಂಟೆ. ಲೆಮ್ಲೆಮ್ ನಂಬದವಳಂತೆ ಅವಳ ಮುಖ ನೋಡಿದಳು. ಇಲ್ಲಿಂದ ಗಡಿಗೆ ಎರಡು ಗಂಟೆಯಾ? ಅಲ್ಲ ಅತ್ತಿಗೆ, ಅದ್ದಿಸ್‌ಗೆ. ಮನೆಗೆ.

ಲೆಮ್ಲೆಮ್ ಪರದೆಯ ಎರಡು ಚುಕ್ಕಿಗಳ ನಡುವೆ ಬೆರಳಿಟ್ಟು ಅಳೆದಳು. ಆರು ವರ್ಷದ ಹಿಂದೆ ಅವಳು ನೈರೋಬಿಗೆ ಬಂದಿಳಿದದ್ದು ಬೇರೆ ದಾರಿಯಲ್ಲಿ. ಅಣ್ಣ ಸೂಡಾನಿನ ಕಡೆ ಹೋದವನು ಸುದ್ದಿಯಿಲ್ಲದೆ ಕಳೆದುಹೋಗಿ ಎರಡು ವರ್ಷವಾಗಿತ್ತು ಆಗ. ಮೂರು ವರ್ಷದ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ದನ ಸಾಗಿಸುವ ಲಾರಿಯಲ್ಲಿ ಹುಲ್ಲಿನ ಹಿಂದೆ ಕೂತು, ಮೊಯಾಲೆಯ ಗಡಿಯಲ್ಲಿ ನಾಲ್ಕು ರಾತ್ರಿ ಬಚ್ಚಿಟ್ಟುಕೊಂಡು, ಒಂಬತ್ತನೆಯ ದಿನ ತಲುಪಿದ್ದಳು. ಮೈಯಿಂದ ಸಗಣಿಯ ವಾಸನೆ ಹೋಗಲು ವಾರ ಹಿಡಿದಿತ್ತು. ಊರು ಎಂದರೆ ಅವಳಿಗೆ ಅಲ್ಲಿಂದ ಮುಂದೆ ಒಂಬತ್ತು ದಿನ. ಹಬ್ಬದ ದಿನ ಯಾರಾದರೂ ಊರ ಮಾತು ತೆಗೆದರೆ, ಅಯ್ಯೋ ಅದು ಒಂಬತ್ತು ದಿನದ ದಾರಿ ಎಂದು ಕೈ ಬೀಸಿಬಿಡುತ್ತಿದ್ದಳು. ಎರಡು ಗಂಟೆ ಎಂಬುದು ಅಸ್ಕಾಲೆಗೆ ಗೊತ್ತಿತ್ತು, ಯಾರಿಗೆ ಗೊತ್ತಿರುವುದಿಲ್ಲ. ಆದರೆ ಕಾಗದವಿಲ್ಲದವಳಿಗೆ ಅದನ್ನು ಹೇಳಿ ಏನು ಪ್ರಯೋಜನ ಎಂದು ಬಾಯಿ ಬಿಟ್ಟಿರಲಿಲ್ಲ. ಹೇಳದೆ ಬಿಟ್ಟದ್ದು ಎಷ್ಟೆಲ್ಲ ಇದೆ ತನ್ನ ಹತ್ತಿರ.

"ಮನೆಯಿಂದ ಹೋಟೆಲಿಗೆ ಹೋಗಿ ಬರೋಕೆ ದಿನಾ ನನಗೆ ಎರಡು ಗಂಟೆ ಹಿಡಿಯುತ್ತೆ" ಎಂದಳು ಲೆಮ್ಲೆಮ್, ಪರದೆಯಿಂದ ಕಣ್ಣು ತೆಗೆಯದೆ. "ಆ ವ್ಯಾನಿನಲ್ಲಿ ಜೋತಾಡಿಕೊಂಡು. ಅಂದ್ರೆ ಆರು ವರ್ಷ, ದಿನಾ, ನನ್ನ ಮಗನ ಹತ್ರ ಹೋಗೋವಷ್ಟು ದಾರಿ ನಡೆದಿದ್ದೀನಿ ನಾನು. ಹೋದದ್ದು ಮಾತ್ರ ಹಿಟ್ಟಿನ ಮಡಕೆ ಹತ್ರ."

ನಗಲಿಲ್ಲ. ಕಾಲ ಬಳಿಯ ಚೀಲದಿಂದ ಬೂಟುಗಳನ್ನು ತೆಗೆದು ಮುಂದಿನ ಹಲಗೆಯ ಮೇಲಿಟ್ಟುಕೊಂಡು, ಒಂದರೊಳಗಿಂದ ಕಾಗದದ ಪಾದವನ್ನು ಹೊರಕ್ಕೆಳೆದಳು. ಅದನ್ನು ಅಂಗೈ ಮೇಲೆ ಹರಡಿದಳು. ಅದು ಅವಳ ಅಂಗೈಯನ್ನು ದಾಟಿ ಮಣಿಕಟ್ಟಿನ ಸುಟ್ಟ ಕಲೆಯವರೆಗೆ ಬರುತ್ತಿತ್ತು. ಬಿಟ್ಟುಬಂದಾಗ ಬೆರಳ ಬುಡಕ್ಕೆ ಮುಗಿಯುತ್ತಿದ್ದ ಕಾಲು ಎಂದಳು. ಪರದೆಯಲ್ಲಿ ವಿಮಾನ ಒಂದು ಅಕ್ಕಿಕಾಳಿನಷ್ಟು ಮುಂದೆ ಸರಿದಿತ್ತು. ಒಂದು ಗಂಟೆ ಎಂಟು ನಿಮಿಷ. ಮಾಮ ವಹಿಸಿದ್ದು ಇಷ್ಟೇ ತಾನೆ, ಇನ್ನೊಂದು ಗಂಟೆ, ಆಮೇಲೆ ಒಂದು ರಾತ್ರಿ. ಅಸ್ಕಾಲೆ ಪರ್ಸನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಒಳಗೆ ಆ ಸಿಮ್ಮು, ಉಗುರಿನಷ್ಟೇ ದೊಡ್ಡದು, ಚರ್ಮವನ್ನು ತೂರಿ ತೊಡೆಗೆ ಚುಚ್ಚುತ್ತಿದೆ ಎನ್ನಿಸಿತು. ಕ್ಲಿನಿಕ್ಕಿನಲ್ಲಿ ಕೆಲವು ರೋಗಿಗಳು ಡಾಕ್ಟರನ್ನು ಬಿಟ್ಟು ಅವಳ ಕಣ್ಣನ್ನೇ ನೋಡುತ್ತಾರೆ, ಮಾತು ಬರುವ ಮೊದಲೇ ಅರ್ಥ ಅಲ್ಲಿ ಕಾಣುತ್ತದೇನೋ ಎಂದು. ಆಗ ಅವಳು ನೆಲ ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು. ಈಗಲೂ ನೆಲ ನೋಡುತ್ತಿದ್ದಳು. "ಹೋದ ತಿಂಗಳು ಫೋಟೋ ಬಂದಿತ್ತಲ್ಲ, ನೀನು ದೊಡ್ಡದು ಮಾಡಿ ನೋಡಿದ್ದೆ. ಒಂದು ಸೈಜು ದೊಡ್ಡದು ಸಾಕಾಗುತ್ತಾ ಹೇಳು. ನಾಲ್ಕು ತಿಂಗಳಾಯ್ತು ಈ ಗೆರೆ ಎಳೆದು. ಬೆಳೆದಿರ್ತಾನೆ ಅಲ್ವಾ?" ಎಂದು ಲೆಮ್ಲೆಮ್ ಕೇಳಿದಳು.

"ಮಿಕಿಯಾಸ್ ಗುರುವಾರ ತೀರಿಕೊಂಡ" ಎಂದಳು ಅಸ್ಕಾಲೆ.

ಹೇಳಿದ್ದು ತನ್ನ ಕ್ಲಿನಿಕ್ಕಿನ ದನಿ ಎಂದು ಅವಳಿಗೇ ಕೇಳಿಸಿತು. ತಗ್ಗಿದ, ಒಂದೇ ಸಮನಾದ, ಯಾರದೋ ಮಾತನ್ನು ಯಾರಿಗೋ ದಾಟಿಸುವ ದನಿ. ಕರುಣೆಯಿಂದ ಹೇಳಿದ್ದಲ್ಲ, ಅದು ಆಗಲೇ ಗೊತ್ತಿತ್ತು. ತೋಳು ಸೋತು ಕೈಯಲ್ಲಿದ್ದುದನ್ನು ಪಕ್ಕದವಳ ಮಡಿಲಿಗೆ ಬಿಟ್ಟುಬಿಟ್ಟಿದ್ದಳು. ಲೆಮ್ಲೆಮ್ ಕಿರುಚುತ್ತಾಳೆ, ಮುಖ ಪರಚಿಕೊಳ್ಳುತ್ತಾಳೆ, ಬಾಗಿಲಿಗೆ ಓಡುತ್ತಾಳೆ ಎಂದು ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಆ ಮಣಿಕಟ್ಟು ಅಲುಗಲಿಲ್ಲ. ಹಲಗೆಯ ಮೇಲೆ ಕರಿಯ ಬೂಟುಗಳು ಮುಂದಕ್ಕೆ ಮುಖ ಮಾಡಿ ನಿಂತಿದ್ದವು. ತಟ್ಟೆಗಳ ಗಾಡಿ ತಳ್ಳುತ್ತ ಬಂದ ಹುಡುಗಿ ಬಗ್ಗಿ, ಟೀ ಬೇಕೇ ಕಾಫಿ ಬೇಕೇ ಎಂದು ಕೇಳಿದಳು. ಟೀ, ಎರಡು ಚಮಚ ಸಕ್ಕರೆ ಎಂದಳು ಲೆಮ್ಲೆಮ್. ಲೋಟ ಬಂತು. ಅವಳು ಬೂಟುಗಳನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಜಾಗ ಮಾಡಿದಳು.

ಗುರುವಾರ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಮಧ್ಯಾಹ್ನ ಎಂದಳು ಅಸ್ಕಾಲೆ. ಗುರುವಾರ ಮಧ್ಯಾಹ್ನ ನಾನು ಹಿಟ್ಟು ಕಲೆಸ್ತಿದ್ದೆ ಎಂದಳು ಅವಳು, ಬೇರೆ ಯಾರ ಬಗ್ಗೆಯೋ ಹೇಳುವಂತೆ. ಆ ಪಾತ್ರೆಯವಳು ಗಂಡನ ಗೊರಕೆಯ ಕಥೆ ಹೇಳ್ತಿದ್ಲು, ನಗ್ತಿದ್ವಿ. ಯಾರ್ಯಾರಿಗೆ ಗೊತ್ತು ಎಂಬುದು ಮುಂದಿನ ಪ್ರಶ್ನೆ. ಎಲ್ಲರಿಗೂ. ಹೋಟೆಲಿನವರಿಗೂ? ಅಸ್ಕಾಲೆ ತಲೆಯಾಡಿಸಿದಳು.

"ನಾನು ಹಾಡಿದೆ ಅಲ್ವಾ ಬೆಳಿಗ್ಗೆ" ಎಂದಳು ಲೆಮ್ಲೆಮ್. "ಅವರೆಲ್ಲ ಕೂತು ಕೇಳಿದ್ರು."

ಆಗ ಮಾತ್ರ ಅವಳು ಕೆಳದುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಟೀ ಮೇಲೆ ಕೆನೆ ಕಟ್ಟಿತು. ಪರದೆಯ ಮೇಲೆ ಆ ಅಕ್ಕಿಕಾಳು ಮುಂದುವರಿಯುತ್ತಲೇ ಇತ್ತು, ಯಾರೂ ಅದನ್ನು ನಿಲ್ಲಿಸುವ ಹಾಗಿರಲಿಲ್ಲ. ನಲವತ್ತು ನಿಮಿಷ, ಮೂವತ್ತೈದು. ತಾನು ಕಸಿದುಕೊಂಡದ್ದು ಏನು ಎಂದು ಅಸ್ಕಾಲೆಗೆ ನಿಧಾನವಾಗಿ ಕಾಣತೊಡಗಿತು. ಮಾಮ ಹೇಳಿದಂತೆ ಸುಮ್ಮನಿದ್ದಿದ್ದರೆ ಅತ್ತಿಗೆಗೆ ಇನ್ನೊಂದು ಗಂಟೆ, ಇನ್ನೊಂದು ರಾತ್ರಿ ಮಗ ಬದುಕಿರುತ್ತಿದ್ದ. ಬೂಟು ದೊಡ್ಡದಾಯಿತೋ ಚಿಕ್ಕದಾಯಿತೋ ಎಂಬ ಚಿಂತೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಹಿರಿಯರು ಕಟ್ಟಿಟ್ಟ ಸುಳ್ಳು ಎಂದು ತಾನು ಕಾಲೇಜಿನ ದಿನಗಳಲ್ಲಿ ಗೆಳತಿಯರೆದುರು ಗೇಲಿ ಮಾಡುತ್ತಿದ್ದದ್ದು ಅವರು ಕೊಡಬಲ್ಲ ಒಂದೇ ಒಂದು ಉಡುಗೊರೆಯಾಗಿತ್ತು. ಹೇಳಿದ್ದಾಯಿತು, ಹಾಗಾದರೆ ಎಲ್ಲವನ್ನೂ ಹೇಳಿಬಿಡಬೇಕು, ಭಾನುವಾರದ ಫೋನನ್ನೂ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪೈಲಟಿನ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು. ಏನಂತೆ ಎಂದು ಲೆಮ್ಲೆಮ್ ಕೇಳಿದಳು. ಇಳಿಯುತ್ತಿದ್ದೇವಂತೆ, ಊರಿನಲ್ಲಿ ಚಳಿ ಇದೆಯಂತೆ. ಅತ್ತಿಗೆ ಬೂಟುಗಳನ್ನು ಒಂದರ ಪಕ್ಕ ಒಂದಾಗಿ ಚೀಲದಲ್ಲಿಟ್ಟಳು. ಕಾಗದವನ್ನು ಎದೆಯ ಮೇಲೆ ರವಿಕೆಯೊಳಗೆ ಇಳಿಸಿದಳು. ಆಮೇಲೆ, ಮೊದಲ ಬಾರಿಗೆ, ಅಸ್ಕಾಲೆಯ ಮುಖವನ್ನು ನೆಟ್ಟಗೆ ನೋಡಿದಳು. "ನೀನು ಹೇಳಿದೆ ಅಂತ ಯಾರಿಗೂ ಗೊತ್ತಾಗಬಾರದು. ಗೊತ್ತಾದ್ರೆ ಮಾಮ ನಿನ್ನ ಮುಖ ನೋಡಲ್ಲ, ನಮ್ಮ ಬೀದಿಯಲ್ಲಿ ಯಾರೂ ಇನ್ನು ನಿನ್ನನ್ನ ಮನೆ ಒಳಗೆ ಕರೆಯಲ್ಲ. ಅವರು ನಾಳೆ ಹೇಳಲಿ. ನಾನು ಕೇಳಿಸ್ಕೊತೀನಿ."

ಮಾಮನ ಮನೆಯಲ್ಲಿ ಹೆಂಗಸರು ಕೋಳಿಯ ಸಾರು ಕುದಿಸಿ ಕಾಯುತ್ತಿದ್ದರು. ಎಲ್ಲರೂ ನಗುಮುಖ ಹೊತ್ತು ಬಂದು ಅಪ್ಪಿಕೊಂಡರು, ದಪ್ಪಗಾಗಿದ್ದೀ, ನೈರೋಬಿ ನೀರು ಒಗ್ಗಿದೆ ಎಂದರು. ಒಬ್ಬಳು ತನ್ನ ಬಿಳಿಯ ಮೇಲುಹೊದಿಕೆಯ ಬಣ್ಣದಂಚನ್ನು ಸಾವಿನ ಮನೆಯಲ್ಲಿ ಹೊದೆಯುವಂತೆ ಕುತ್ತಿಗೆಯ ಸುತ್ತ ಮೇಲೆ ಮಾಡಿಕೊಂಡೇ ಬಂದುಬಿಟ್ಟಿದ್ದಳು. ಇನ್ನೊಬ್ಬಳು ಹಿಂದಿನಿಂದ ಅದನ್ನು ಎಳೆದು ತಿರುಗಿಸಿದ್ದು ಅಸ್ಕಾಲೆಗೆ ಕಾಣಿಸಿತು, ಲೆಮ್ಲೆಮ್‌ಗೂ ಕಾಣಿಸಿತು. ಅತ್ತೆ ಹೇಗಿದ್ದಾರೆ ಎಂದು ಲೆಮ್ಲೆಮ್ ಕೇಳಿದಳು. ಪರವಾಗಿಲ್ಲ, ನಿದ್ದೆ ಹತ್ತಿದೆ, ಬೆಳಿಗ್ಗೆ ಹೋಗುವೆಯಂತೆ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇತ್ತು, ತಾಯಿಯಾದವಳು ಅದನ್ನು ಕೇಳದೆ ಇದ್ದರೆ ಅನುಮಾನ ಬರುತ್ತದೆ. ಅಸ್ಕಾಲೆ ತಟ್ಟೆಯ ಅಂಚನ್ನು ಹಿಡಿದುಕೊಂಡಳು.

"ಮಿಕಿ ಮಲಗಿದ್ದಾನಾ?" ಎಂದಳು ಲೆಮ್ಲೆಮ್.

ಮಲಗಿದ್ದಾನೆ ಎಂದಳು ಮಾಮನ ಹೆಂಡತಿ. ಹೇಳಿ, ಇಂಜೆರಾದ ತುಂಡಿನಲ್ಲಿ ಕೋಳಿಯ ಎಳೆ ಸುತ್ತಿ, ತುತ್ತು ಮಾಡಿ ಅವಳ ಬಾಯಿಗೆ ಇಟ್ಟಳು. ಪ್ರೀತಿ ಇದ್ದವರ ಬಾಯಿಗೆ ಕೈಯಾರೆ ತುತ್ತು ಇಡುವುದು. ಒಂದಾದ ಮೇಲೆ ಒಂದು, ಸುತ್ತ ಕೂತ ಎಲ್ಲ ಹೆಂಗಸರೂ ಇಟ್ಟರು. ಲೆಮ್ಲೆಮ್ ಪ್ರತಿ ಕೈಗೂ ಬಾಯಿ ತೆರೆದಳು, ಅಗಿದಳು, ನುಂಗಿದಳು. ಕೊನೆಯ ತುತ್ತನ್ನು ಅಸ್ಕಾಲೆಯೂ ಇಡಬೇಕಾಯಿತು, ಇಡದಿದ್ದರೆ ಚೆನ್ನಾಗಿರುತ್ತಿರಲಿಲ್ಲ. ಅವಳ ಬೆರಳಿಗೆ ಅತ್ತಿಗೆಯ ಹಲ್ಲು ತಾಗಿತು. ಉಸಿರು ಬೆಂಕಿಯಂತೆ ಬಿಸಿಯಾಗಿತ್ತು.

ರಾತ್ರಿ ಇಬ್ಬರೂ ಒಂದೇ ಚಾಪೆಯ ಮೇಲೆ. ಒಂದು ಸಲ ಲೆಮ್ಲೆಮ್‌ಳ ಎದೆಯ ಹತ್ತಿರ ಕಾಗದ ಸರಪರ ಎಂದಿತು. ಜಾವದಲ್ಲಿ ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿಸತೊಡಗಿತು. ಒಂದು ಜೊತೆ, ಮತ್ತೊಂದು, ಆಮೇಲೆ ಎಣಿಸಲಾಗದಷ್ಟು. ಯಾರೋ ಕೆಮ್ಮನ್ನು ಬಟ್ಟೆಯೊಳಗೆ ಅದುಮಿದರು. ಬಾಗಿಲು ತೆರೆಯಿತು. ಮುಂದೆ ಶಿಫೆರಾವ್ ಮಾಮ, ಪಕ್ಕದಲ್ಲಿ ಪಾದ್ರಿ, ಹಿಂದೆ ಬಿಳಿಯ ಹೊದಿಕೆಗಳು ಗೋಡೆಯಂತೆ. ಎರಡು ಕಡೆಯಿಂದ ಹೆಂಗಸರು ಬಂದು ಕೂತರು. ಬಲಗೈ ಅಸ್ಕಾಲೆಯ ಪಾಲಿಗೆ ಬಂತು. ಮಾಮ ಮಂಡಿಯ ಮೇಲೆ ಕೈಯೂರಿ ಬಗ್ಗಿ, ದೂರದಿಂದ ಶುರುಮಾಡಿದ. ಎದ್ದೆಯಾ ಮಗಳೇ, ದೇವರು ಕೊಟ್ಟವನು, ಕೊಟ್ಟವನಿಗೆ ಕೇಳುವ ಹಕ್ಕೂ ಇದೆ, ನಮ್ಮ ನಿಮ್ಮ ಮನೆಯ ದೀಪ ಎಂದರೆ... ಅವನು ಇನ್ನೂ ಹೆಸರಿಗೆ ಬಂದಿರಲಿಲ್ಲ. ಯಾರು ಸತ್ತರು, ಅತ್ತೆಯೋ, ಗಂಡನೋ, ಮಗನೋ ಎಂಬುದು ಆ ಮಾತಿನಲ್ಲಿ ಇನ್ನೂ ಇರಲಿಲ್ಲ. ಲೆಮ್ಲೆಮ್ ಅಷ್ಟರಲ್ಲೇ, ಮಿಕಿ ಎಂದು ಕೂಗಿಬಿಟ್ಟಳು.

ಅಸ್ಕಾಲೆ ತಾನು ಹಿಡಿದಿದ್ದ ಬಲಗೈಯನ್ನು ಒತ್ತಿದಳು. ಮಾಮನ ಬಾಯಿ ತೆರೆದೇ ಇತ್ತು. ಅರೆಕ್ಷಣ ಇಡೀ ಕೋಣೆ ಆ ಹೆಸರಿನ ಸುತ್ತ ನಿಂತಿತು. ಆಮೇಲೆ ಬಾಗಿಲ ಬಳಿಯ ಮುದುಕಿಯೊಬ್ಬಳು ಎದೆ ಬಡಿದುಕೊಳ್ಳುತ್ತ, ನೋಡಿದಿರಾ, ಹೆತ್ತ ಹೊಟ್ಟೆಗೆ ಯಾರು ಹೇಳಬೇಕು, ಅದಕ್ಕೇ ತಿಳೀತು ಎಂದು ದನಿ ತೆಗೆದಳು, ಎಲ್ಲ ದನಿಗಳೂ ಅದರೊಳಗೆ ಕೂಡಿಕೊಂಡವು. ಲೆಮ್ಲೆಮ್ ಈಗ ಯಾರ ಕೈಗೂ ನಿಲ್ಲುತ್ತಿರಲಿಲ್ಲ. ನಾಲ್ಕು ಹೆಂಗಸರು ಹಿಡಿದರೂ ನೆಲಕ್ಕೆ ಹಣೆ ಬಡಿದಳು. ಇದು ನಟನೆಯೇ, ನಿನ್ನೆಯಿಂದ ಕಟ್ಟಿಹಾಕಿದ್ದು ಈಗ ಬಿಚ್ಚಿಕೊಂಡದ್ದೇ ಎಂದು ಅಸ್ಕಾಲೆಯ ಒಳಗಿನ ಒಂದು ಕಣ್ಣು ಆಗಲೂ ನೋಡುತ್ತಿತ್ತು. ಆ ಕಣ್ಣಿನ ಬಗ್ಗೆ ಅವಳಿಗೆ ಹೇಸಿಗೆಯಾಯಿತು. ಬೆಳಕು ಬಂದ ಮೇಲೆ, ಅಮ್ಮನ ಮನೆಯ ಚಪ್ಪರದಡಿಗೆ ಕರೆತಂದ ಮೇಲೆ, ಲೆಮ್ಲೆಮ್ ಹಾಡಿಕೊಂಡು ಅಳತೊಡಗಿದಳು. ಎರಡು ಗಂಟೆ ನನ್ನ ಕಂದಾ, ಎರಡೇ ಗಂಟೆ, ಒಂಬತ್ತು ದಿನ ಅಂದುಕೊಂಡಳಲ್ಲ ನಿನ್ನಮ್ಮ. ಸುತ್ತಲಿನವರು ಅರ್ಥವಾಗದಿದ್ದರೂ ಸೊಲ್ಲು ಹಿಡಿದು ಮರುದನಿ ಕೊಟ್ಟರು: ಎರಡೇ ಗಂಟೆ, ಎರಡೇ ಗಂಟೆ.

ಮಾಮ ಅಸ್ಕಾಲೆಯನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟ. ಸುತ್ತ ನಿಂತಿದ್ದ ಗಂಡಸರಿಗೂ ಕೇಳುವಂತೆ ಹೇಳಿದ, ಅಷ್ಟು ದೂರದಿಂದ ಒಂದು ಮಾತು ಹೊರಗೆ ಬಿಡದೆ ಕರೆತಂದಳು, ಇವಳ ಎದೆ ಗಂಡಸಿಗೂ ಇಲ್ಲ. ಅವರೆಲ್ಲ ತಲೆದೂಗಿದರು. ಅವಳು ನೆಲ ನೋಡಿದಳು. ಅದನ್ನು ವಿನಯ ಎಂದುಕೊಂಡರು. ಅಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ, ಹೊದಿಕೆಯ ಅಂಚನ್ನು ಕುತ್ತಿಗೆಗೆ ಏರಿಸಿಕೊಂಡು ಕೂತಿದ್ದಳು. ಒಂದು ವಾರದಲ್ಲಿ ಸಣ್ಣಗಾಗಿದ್ದಳು. ಅಸ್ಕಾಲೆ ಹೋಗಿ ಪಕ್ಕದಲ್ಲಿ ಕೂತಾಗ ಅಮ್ಮ ಅವಳ ಕಡೆ ತಿರುಗದೆ, ತುಟಿಯಷ್ಟೇ ಅಲುಗಿಸಿ, "ಮೂರು ದಿನ ಯಾಕೆ ಕಾದೆ ಅಂತ ಎಲ್ಲರೂ ಕೇಳ್ತಾರೆ. ನನಗೆ ತಿಳೀಲಿಲ್ಲ ಅಂದಿದ್ದೀನಿ" ಎಂದಳು. ಬೇರೇನೂ ಹೇಳಲಿಲ್ಲ. ಓದುಬರಹ ಬಾರದ ಮುದುಕಿ, ಏನು ಗೊತ್ತಾಗುತ್ತದೆ ಪಾಪ ಎಂದು ಅವರೆಲ್ಲ ಅಂದುಕೊಂಡಿರಬೇಕು.

ಮಧ್ಯಾಹ್ನದ ಹೊತ್ತಿಗೆ ಲೆಮ್ಲೆಮ್‌ಳ ದನಿ ಪೂರ್ತಿ ಹೋಗಿತ್ತು. ಅಸ್ಕಾಲೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಹಣೆಯ ಗಾಯದ ಮೇಲೆ ಯಾರೋ ಕಾಫಿಪುಡಿ ಒತ್ತಿದ್ದರು. ಹೊಸದಾಗಿ ಬಂದು ಬೆಂಚಿನಲ್ಲಿ ಕೂತ ನೆರೆಯವಳೊಬ್ಬಳು ಏನಾದರೂ ಮಾತಾಡಬೇಕೆಂದು, ನೈರೋಬಿ ಎಷ್ಟು ದೂರ ಆಗುತ್ತಮ್ಮ ಎಂದು ಕೇಳಿದಳು. ಎರಡು ಗಂಟೆ ಎಂದಳು ಅಸ್ಕಾಲೆ. ಅಷ್ಟೇನಾ ಎಂದು ಅವಳು ಅಚ್ಚರಿಪಟ್ಟಳು. ತೊಡೆಯ ಮೇಲಿನ ತಲೆ ಸ್ವಲ್ಪ ಅಲುಗಿತು. ಲೆಮ್ಲೆಮ್ ಅಸ್ಕಾಲೆಯ ಕೈಯನ್ನು ಹುಡುಕಿ ಹಿಡಿದು, ಕಿವಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೀಳಿದ ಗಂಟಲಿನಿಂದ ಬಂದದ್ದು ಗಾಳಿಯಷ್ಟೇ.

"ಇವರೆಲ್ಲ ಸುಳ್ಳು ಹೇಳಿದ್ರು ಕಣೆ. ನೀನೊಬ್ಬಳೇ ನನ್ನ ಹತ್ರ ನಿಜ ಹೇಳಿದವಳು."

ಸಾಲಿನ ಕೊನೆಯಲ್ಲಿ ಅಮ್ಮ ಇತ್ತಲೇ ನೋಡುತ್ತಿದ್ದಳು. ಆ ಗಾಳಿಯ ಮಾತು ಅವಳವರೆಗೆ ಹೋಗಿರಲಾರದು. ಆದರೂ ಮಗಳು ಏನು ಹೇಳುತ್ತಾಳೋ ಎಂದು ಕಾಯುವವಳಂತೆ, ಭಾನುವಾರ ಫೋನಿನ ಆ ತುದಿಯಲ್ಲಿ ಹೇಗೆ ಕಾದಿದ್ದಳೋ ಹಾಗೆ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹೇಳಲು ಇದಕ್ಕಿಂತ ಸರಿಯಾದ ಹೊತ್ತು ಇನ್ನು ಬರುವುದಿಲ್ಲ ಎಂದು ಅಸ್ಕಾಲೆಗೆ ಗೊತ್ತಿತ್ತು. ಮಾತುಗಳು ತುಟಿಯ ಹಿಂದೆ ಸಾಲಾಗಿ ನಿಂತಿದ್ದವು, ಇಸ್ತ್ರಿ ಮಾಡಿದಂತೆ, ಒಂದೂ ಮುದುಡದೆ. ಅವಳು ಹೊದಿಕೆಯ ತುದಿಯಿಂದ ಅತ್ತಿಗೆಯ ಹಣೆಯಿಂದ ಇಳಿಯುತ್ತಿದ್ದ ಕಾಫಿಪುಡಿಯನ್ನು ಒರೆಸಿದಳು, ರವಿಕೆಯಿಂದ ಅರ್ಧ ಹೊರಬಂದಿದ್ದ ಕಾಗದದ ಹೆಬ್ಬೆರಳನ್ನು ಒಳಕ್ಕೆ ಸರಿಸಿದಳು, ಮತ್ತು ಭಾನುವಾರ ಅಮ್ಮ ಏನು ಕೇಳಿದಳು, ತಾನು ಏನು ಹೇಳಿದೆ ಎಂಬುದನ್ನು ಇವಳಿಗಾಗಲಿ, ಬೇರೆ ಯಾರಿಗಾಗಲಿ, ಯಾವ ಹೊತ್ತಿನಲ್ಲೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು.